ಬಂಡಮ್ಮ ಹೇಳಿದ್ದು, ನಾನು ಬರೆದದ್ದು

ಬಂಡಮ್ಮನ ಬಗ್ಗೆ ಊರಲ್ಲಿ ಯಾರನ್ನು ಕೇಳಿದರೂ ಒಂದೇ ಮಾತು: ಬಾಯಿ ಜೋರು. ಹೌದು, ಜೋರಿತ್ತು. ಗಂಡ ಅಮೋಘಸಿದ್ಧ ಹಾವು ಕಚ್ಚಿ ಸತ್ತಾಗ ಆಕೆಗೆ ಇನ್ನೂ ಮೂವತ್ತು ತುಂಬಿರಲಿಲ್ಲ. ಉಳಿದದ್ದು ಇಪ್ಪತ್ತೆಂಟು ಕುರಿ, ಕಾಲು ಬಿದ್ದುಹೋದ ಅತ್ತೆ ಮಾಣಿಕಮ್ಮ, ಹಳ್ಳದ ದಂಡೆಯ ಮೇಲೆ ಒಂದು ಮಣ್ಣಿನ ಮನೆ. ಮೆತ್ತಗೆ ಮಾತಾಡಿಕೊಂಡು ಕುಳಿತಿದ್ದರೆ ಕುರಿಯನ್ನೂ ಮನೆಯನ್ನೂ ಭಾವ ಮೈದುನರು ಆರು ತಿಂಗಳಲ್ಲಿ ನುಂಗಿ ನೀರು ಕುಡಿಯುತ್ತಿದ್ದರು. ಆ ಬಾಯಿಯನ್ನು ನಾನೂ ಬಯ್ದವನೇ. ಬಯ್ದವರಲ್ಲಿ ನಾಚಿಕೆಪಡಬೇಕಾದವನು ನಾನೊಬ್ಬನೇ.

ನನ್ನ ಹೆಸರು ಗುರುಲಿಂಗಪ್ಪ. ನಿಜಾಮನ ಕಾಲದಲ್ಲಿ ನಿಲಂಗಾದ ಶಾಲೆಯಲ್ಲಿ ಉರ್ದು ಕಲಿತು, ಊರವರ ಅರ್ಜಿ ಬರೆದು ಹೊಟ್ಟೆ ಹೊರೆದವನು. ನನ್ನ ಅಕ್ಷರ ಬಲು ಚಂದ ಅನ್ನುತ್ತಿದ್ದರು. ನಾನೂ ಹಾಗೇ ತಿಳಿದುಕೊಂಡಿದ್ದೆ.

ನಮ್ಮೂರ ಹಳ್ಳಕ್ಕೆ ರಾಚಯ್ಯನ ಹಳ್ಳ ಎಂದು ಹೆಸರು. ಎಂದೋ ಒಂದು ಕಾಲದ ರಾಚಯ್ಯ ಅದರ ದಂಡೆಯಲ್ಲಿ ಬಾವಿ ತೋಡಿಸಿದ್ದನಂತೆ. ಅವನ ಮರಿಮಗನಿಗೂ ಅದೇ ಹೆಸರು ಇಟ್ಟಿದ್ದರು. ಈ ರಾಚಯ್ಯ ಅರವತ್ತು ದಾಟಿದ ಜಂಗಮ. ಇರುವೆ ತುಳಿದರೂ ನಿಂತು ನೋಡುವ ಮನುಷ್ಯ. ಬಂಡಮ್ಮನ ಅತ್ತೆಗೆ ದಿನಾ ಒಂದು ಚರಿಗೆ ಮಜ್ಜಿಗೆ ಅವನ ಮನೆಯಿಂದಲೇ ಹೋಗುತ್ತಿತ್ತು.

ಪೊಲೀಸ್ ಕಾರ್ಯಾಚರಣೆ ಆದ ಮರುವರ್ಷ ಶ್ರಾವಣದಲ್ಲಿ ಹಳ್ಳ ತುಂಬಿ ಬಂತು. ಬಂಡಮ್ಮನ ಕುರಿ ಹಟ್ಟಿಯ ಗೋಡೆ ಹೋಯಿತು, ಎಂಟು ಕುರಿ ಹೋದವು. ಮನೆಯ ಹಿಂದಿನ ಗೋಡೆಗೂ ದಂಡೆಯ ಅಂಚಿಗೂ ಉಳಿದದ್ದು ಎಂಟು ಹೆಜ್ಜೆ ನೆಲ. ಅಂದಿನಿಂದ ಆಕೆ ದಿನಾ ಬೆಳಿಗ್ಗೆ ಎದ್ದು ಆ ನೆಲವನ್ನು ಹೆಜ್ಜೆಯಲ್ಲಿ ಅಳೆಯುತ್ತಿದ್ದಳು. ಬೇಸಿಗೆಗೆ ಏಳಾಯಿತು. ನೀರಿಲ್ಲದಿದ್ದರೂ ಮಣ್ಣು ತಾನಾಗಿ ಉದುರುತ್ತಿತ್ತು.

ವೈಶಾಖದಲ್ಲಿ ಊರಲ್ಲಿ ಡಂಗುರ ಹೊಡೆಸಿದರು. ದಂಡೆ ಕೊರೆದು ಮನೆಗೋ ದಾರಿಗೋ ಅಪಾಯ ಇದ್ದವರು ಹದಿನೈದು ದಿನದೊಳಗೆ ಅರ್ಜಿ ಕೊಡಬೇಕು, ಸರ್ಕಾರ ಮಳೆಗೆ ಮುಂಚೆ ಕಲ್ಲು ಕಟ್ಟಿಸಿ ಕೊಡುತ್ತದೆ. ಡಂಗುರದವನು ಇನ್ನೂ ಓಣಿ ದಾಟಿರಲಿಲ್ಲ, ಬಂಡಮ್ಮ ನನ್ನ ಕಟ್ಟೆಗೆ ಬಂದು ಕುಳಿತಳು.

“ಬರಿ ಅಣ್ಣಾ. ರಾಚಯ್ಯನ ಹಳ್ಳ ಬಂದು ಎಂಟು ಕುರಿ ಒಯ್ದದ. ಹಟ್ಟಿ ಕೆಡವ್ಯದ. ಈ ಸಲ ಬಂದ್ರ ಮನಿ ಬಿಡೂದಿಲ್ಲ. ಲಗೂನ ಮದತ್ ಕೊಡ್ರಿ ಅಂತ ಬರಿ.”

“ಹಳ್ಳ ಅಂತ ಬರಿಯೂದಿಲ್ಲವ್ವಾ. ಕಚೇರ್ಯಾಗ ನಾಲಾ ಅಂತಾರ. ನಾಲಾ ಅಂತ ಬರೀತೀನಿ.”

“ನಾಲಾ ಅಂದ್ರ ಓಣ್ಯಾಗಿನ ಗಟಾರ. ಗಟಾರಕ್ಕ ಯಾರು ಕಲ್ಲ ಕೊಡ್ತಾರ? ನಾ ಹೇಳಿದ್ದು ಹೇಳಿದಂಗ ಬರಿ. ನಿನ್ನ ಶಾಣ್ಯಾತನ ಬ್ಯಾಡ.”

ಕಟ್ಟೆಯ ಮೇಲೆ ಇನ್ನಿಬ್ಬರು ಕುಳಿತಿದ್ದರು. ಅವರು ನಕ್ಕರು. ನನಗೆ ಸಿಟ್ಟು ನೆತ್ತಿಗೇರಿತು. ಕುರಿ ಕಾಯುವವಳು ನನಗೆ ಬರೆಯುವುದನ್ನು ಕಲಿಸುತ್ತಾಳೆ. ಆಗಲಿ, ನೀ ಹೇಳಿದ ಹಾಗೇ ಬರೆಯುತ್ತೇನೆ ಎಂದುಕೊಂಡು ಬರೆದೆ. ಉರ್ದುವಿನಲ್ಲಿ ನಮ್ಮ ಳ ಇಲ್ಲ. ಅದರ ಜಾಗದಲ್ಲಿ ಲ ಬರೆಯಬೇಕು. ಬರೆದು ಮುಗಿಸಿ ಓದಿಕೊಂಡೆ: ರಾಚಯ್ಯನ ಹಲ್ಲಾ ಬಂದು ಎಂಟು ಕುರಿ ಒಯ್ದಿದೆ. ಹಲ್ಲಾ ಅಂದರೆ ಆ ಭಾಷೆಯಲ್ಲಿ ದಾಳಿ. ನನಗೆ ನಗು ಬಂತು.

“ಯಾಕ ನಗ್ತಿ?” ಅಂದಳು ಬಂಡಮ್ಮ.

“ಏನಿಲ್ಲವ್ವಾ. ಹೆಬ್ಬಟ್ಟು ಒತ್ತು.”

ತಿದ್ದಲಿಲ್ಲ. ಕಚೇರಿಯವರು ನಗಲಿ, ಇವಳನ್ನು ಎರಡು ಸಲ ಅಲೆಸಲಿ, ಆಮೇಲೆ ನನ್ನ ಹತ್ತಿರವೇ ಬಂದು ಕೈ ಮುಗಿಯುತ್ತಾಳೆ ಎಂದುಕೊಂಡೆ. ಬರೆದವನ ಹೆಸರಿನ ಜಾಗವನ್ನೂ ಖಾಲಿ ಬಿಟ್ಟೆ.

ಕಚೇರಿಯಲ್ಲಿ ಯಾರೂ ನಗಲಿಲ್ಲ. ಅಲ್ಲಿಗೆ ಹೊಸದಾಗಿ ಬಂದಿದ್ದ ಸಾಹೇಬರು ಜಬಲ್ಪುರದ ಕಡೆಯವರು, ಕನ್ನಡದ ಗಂಧವಿಲ್ಲ. ಆ ದಿನಗಳಲ್ಲಿ ದಾಳಿ ಅನ್ನುವ ಪದ ಕಂಡರೆ ಸಾಕು, ಕಾಗದ ನೇರವಾಗಿ ಪೊಲೀಸರ ಮೇಜಿಗೆ ಹೋಗುತ್ತಿತ್ತು. ಎಂಟನೇ ದಿನ ಒಬ್ಬ ಜಮಾದಾರ ನಾಲ್ವರು ಸಿಪಾಯಿಗಳನ್ನು ಕಟ್ಟಿಕೊಂಡು ಬಂದ. ಕಲ್ಲು ಕೊಡುವವರೇ ಬಂದರೆಂದು ಬಂಡಮ್ಮ ಅಂಗಳ ಸಾರಿಸಿ ಕಂಬಳಿ ಹಾಸಿದಳು. ಮುರುಮದ ಸಂತೆಯಲ್ಲಿ ಉಣ್ಣೆ ಮಾರಿ ಕಲಿತ ದಖನಿ ಉರ್ದು ಆಕೆಗೆ ಬರುತ್ತಿತ್ತು. ಜಮಾದಾರ ಕೇಳಿದ, ಆಕೆ ಹೇಳಿದಳು. ಅವರು ಆಡಿದ್ದನ್ನು ನಮ್ಮ ಮಾತಿನಲ್ಲೇ ಬರೆಯುತ್ತೇನೆ.

“ರಾಚಯ್ಯನ ಹಲ್ಲಾ ಯಾವಾಗ ಆಯ್ತು?”

“ಹೋದ ಶ್ರಾವಣದಾಗರಿ.”

“ಕುರಿ ಎಷ್ಟು ಹೋದವು?”

“ಎಂಟರಿ. ಹಟ್ಟಿ ಗ್ವಾಡಿನೂ ಹೋತು.”

“ಮತ್ತೆ ಆಗ್ತದ ಅಂತೀಯೇನು?”

“ಅಂತೀಯೇನು ಅಂದ್ರ? ಆಗೂದ ಆಗ್ತದರಿ. ಮಿರಗದ ಮಳಿ ಬರಲಿ, ನೋಡ್ರಿ ನೀವ.”

“ರಾಚಯ್ಯ ಎಲ್ಲಿದ್ದಾನ?”

ಸಾಕ್ಷಿಗೆ ಕರೆಯುತ್ತಾರೆ ಎಂದುಕೊಂಡು ಬಂಡಮ್ಮ ಹೊಲದ ಕಡೆ ಕೈ ತೋರಿಸಿದಳು. ರಾಚಯ್ಯಪ್ಪನವರು ಭಾಳ ಛಲೋ ಮನುಷ್ಯಾರು, ಕೇಳಿದ್ದೆಲ್ಲ ಹೇಳ್ತಾರ ಅಂದಳು.

ಎರಡನೆಯ ಪ್ರಶ್ನೆಗೇ ನನಗೆ ತಿಳಿದುಹೋಯಿತು. ಗುಂಪಿನಲ್ಲಿ ನಾನೂ ನಿಂತಿದ್ದೆ. ಒಂದು ಮಾತು ಸಾಕಿತ್ತು. ಆದರೆ ರಜಾಕಾರರ ಗದ್ದಲದ ವರ್ಷ ನಾನು ಪೊಲೀಸ್ ಪಟೇಲನ ದಫ್ತರ ಬರೆದವನು. ರಜಾಕಾರರ ಕಡೆಯವನೆಂದು ಹೆಸರಿಟ್ಟು ಯಾರ್ಯಾರನ್ನೋ ಒಯ್ಯುತ್ತಿದ್ದ ಕಾಲ. ಬಾಯಿ ಬಿಡಲಿಲ್ಲ. ಹೊಲದಿಂದ ರಾಚಯ್ಯನನ್ನು ಹಗ್ಗ ಹಾಕಿ ತಂದರು. ಬಂಡಮ್ಮ ಸಿಪಾಯಿಯ ತೋಳು ಹಿಡಿದು ಯಾಕೆ, ಯಾಕೆ ಎಂದು ಕೇಳುತ್ತಾ ಊರ ಅಗಸಿ ಬಾಗಿಲವರೆಗೆ ಓಡಿದಳು.

ನಾಲ್ಕು ದಿನದ ಮೇಲೆ ರಾಚಯ್ಯನ ಹೆಂಡತಿ ಕಸ್ತೂರಬಾಯಿ ಠಾಣೆಗೆ ಬುತ್ತಿ ಕೊಡಲು ಹೋಗಿ ವಿಷಯ ತಿಳಿದುಕೊಂಡು ಬಂದಳು. ಸೀದಾ ಬಂಡಮ್ಮನ ಬಾಗಿಲಿಗೆ ಬಂದು ನಿಂತಳು.

“ನಿಮ್ಮ ಅತ್ತಿಗಿ ದಿನಾ ಮಜ್ಜಗಿ ಕಳಸ್ದವರು ನಾವು. ನನ್ನ ಗಂಡ ನಿನ್ನ ಮನಿ ಮ್ಯಾಲ ದಾಳಿ ಮಾಡ್ಯಾನ?”

ಬಂಡಮ್ಮ ಅಂದೇ ಹೊರಟಳು. ಕಚೇರಿಗೆ ಹನ್ನೊಂದು ಮೈಲಿ. ಹಲ್ಲಾ ಆಗಿಲ್ಲವೇ ಎಂದು ಗುಮಾಸ್ತ ಕೇಳಿದ. ಹಳ್ಳ ಬಂದಿತ್ತರಿ ಅಂದಳು. ಮತ್ತೇನು, ನೀನೇ ಹೇಳುತ್ತಿದ್ದೀಯಲ್ಲ ಎಂದು ಕಳಿಸಿದ. ಎರಡನೆಯ ಸಲ ಹೋದಾಗಲೂ ಅದೇ ಆಯಿತು. ಆಕೆ ಬಾಯಿ ತೆರೆದಷ್ಟೂ ರಾಚಯ್ಯನಿಗೆ ಏಟು ಹೆಚ್ಚಾದವು. ಠಾಣೆಯೊಳಗೆ ಅವನು ಹೇಳುತ್ತಿದ್ದದ್ದೂ ಅದನ್ನೇ: ಅದು ನಮ್ಮ ಮುತ್ಯಾನ ಹೆಸರಿನ ಹಳ್ಳ. ಮುತ್ತಜ್ಜನ ಕಾಲದಿಂದಲೂ ದಾಳಿ ಮಾಡುವ ಮನೆತನ ಎಂದು ಅವರು ಬರೆದುಕೊಂಡರು.

ಮೂರನೆಯ ಸಲ ಆಕೆ ಹಳ್ಳದ ಗುಂಡಿಯಲ್ಲಿ ಉಳಿದಿದ್ದ ನೀರನ್ನು ಒಂದು ಕೊಡದಲ್ಲಿ ಹೊತ್ತುಕೊಂಡು ಹೋದಳು. ಅಂದು ನಾನೂ ಬೇರೆ ಕೆಲಸಕ್ಕೆಂದು ಹೋಗಿ ಕಚೇರಿಯ ಪಡಸಾಲೆಯಲ್ಲಿದ್ದೆ. ಸಿಪಾಯಿಯನ್ನು ತಳ್ಳಿ ಒಳಗೆ ನುಗ್ಗಿ, ಸಾಹೇಬರ ಮುಂದೆ ಕೊಡ ಬಗ್ಗಿಸಿದಳು. ಕೆಸರು ನೀರು ನೆಲದ ಮೇಲೆಲ್ಲ ಹರಿಯಿತು.

“ಇದರೀ ಹಳ್ಳ. ಇದಕ್ಕ ಕೈಯಿಲ್ಲ, ಬಡಿಗಿಯಿಲ್ಲ. ಇದರ ಹೆಸರ ರಾಚಯ್ಯ. ಆ ಮುದುಕನ್ನ ಬಿಡ್ರಿ.”

ಸಾಹೇಬರು ನೀರು ನೋಡಿ, ಅರ್ಜಿ ತರಿಸಿ ಇನ್ನೊಮ್ಮೆ ಓದಿದರು. ಆಮೇಲೆ ಅರ್ಥವಾಗಿ ನಕ್ಕರು. ನಗು ನಿಂತ ಮೇಲೆ ಸಿಟ್ಟು ಬಂತು. ಈ ಅರ್ಜಿ ಬರೆದವನು ಯಾರು ಎಂದು ಕೇಳಿದರು. ಬಂಡಮ್ಮ ತಿರುಗಿ ಬಾಗಿಲಾಚೆ ನಿಂತಿದ್ದ ನನ್ನನ್ನು ನೋಡಿದಳು. ನಾನು ನೆಲ ನೋಡಿದೆ.

“ನಾ ಹೇಳಿದ್ದರಿ. ಹೆಬ್ಬಟ್ಟು ನಂದು.”

ರಾಚಯ್ಯನನ್ನು ಅಂದೇ ಬಿಟ್ಟರು. ಹತ್ತೊಂಬತ್ತು ದಿನದಲ್ಲಿ ಅವನ ಬಲಮೊಣಕಾಲು ಒಡೆದಿತ್ತು, ಆಮೇಲೆ ಎಂದೂ ನೆಟ್ಟಗಾಗಲಿಲ್ಲ. ಸುಳ್ಳು ಫಿರ್ಯಾದಿ ಕೊಟ್ಟು ಸರ್ಕಾರವನ್ನು ಓಡಾಡಿಸಿದ್ದಕ್ಕೆ ಬಂಡಮ್ಮನಿಗೆ ಒಂದು ತಿಂಗಳ ಸಜೆ. ಮತ್ತ ನನ್ನ ದಂಡಿಗಿ ಕಲ್ಲು ಕೊಡೂದಿಲ್ಲೇನ್ರಿ ಎಂದು ಆಕೆ ಕೇಳಿದಳು. ಅರ್ಜಿಯ ಗಡುವು ಮುಗಿದಿದೆ, ಕಲ್ಲಿನ ಗಾಡಿಗಳು ಬೇರೆ ಊರಿಗೆ ಹೋದವು ಎಂದು ಗುಮಾಸ್ತ ಹೇಳಿದ.

ಮಿರಗದ ಮಳೆ ಹುಟ್ಟಿದ ಐದನೇ ದಿನ ಹಳ್ಳ ಬಂತು. ನಾವು ನಾಲ್ಕು ಜನ ಮಾಣಿಕಮ್ಮನನ್ನು ಕಂಬಳಿಯಲ್ಲಿ ಹಾಕಿಕೊಂಡು ಹೊರಗೆ ತಂದೆವು. ಮನೆ ಹಿಂದಿನ ಗೋಡೆಯಿಂದ ಕುಸಿಯುತ್ತಾ ಮಧ್ಯಾಹ್ನದೊಳಗೆ ಪೂರಾ ಹೋಯಿತು. ಮುದುಕಿ ರಾಚಯ್ಯನ ಪಡಸಾಲೆಯಲ್ಲಿ ಮಲಗಿ, ಬಂಡಿ ಬಂದಳೇ ಎಂದು ಕೇಳುತ್ತಾ ಹನ್ನೆರಡನೇ ದಿನ ಪ್ರಾಣ ಬಿಟ್ಟಳು. ಕುಂಟುತ್ತಾ ಓಡಾಡಿ ಮಣ್ಣು ಮಾಡುವ ಏರ್ಪಾಡು ನೋಡಿದವನು ರಾಚಯ್ಯ.

ಸಜೆ ಮುಗಿಸಿ ಬಂದ ಬಂಡಮ್ಮ ನೇರವಾಗಿ ದಂಡೆಗೆ ಹೋದಳು. ಹೆಜ್ಜೆ ಹಾಕಿ ಅಳೆಯಲು ಏನೂ ಉಳಿದಿರಲಿಲ್ಲ. ಅಂಚಿನಲ್ಲಿ ನಿಂತುಕೊಂಡಳು. ನಾನು ಹಿಂದೆ ಹೋಗಿ ನಿಂತೆ.

“ಬಂಡವ್ವಾ, ಮನಿ ಬಿದ್ದವರಿಗಿ ಮದತ್ ಅದ ಅಂತಾರ. ನಾ ಬರೀತೀನಿ. ಈ ಸಲ ನೆಟ್ಟಗ ಬರೀತೀನಿ.”

ಆಕೆ ನನ್ನ ಕಡೆ ತಿರುಗಲಿಲ್ಲ.

“ಅವತ್ತ ಬರದಾದ ಮ್ಯಾಲ ನೀ ನಕ್ಕಿದ್ದಿ, ಅಣ್ಣಾ. ಯಾಕ ನಕ್ಕಿ ಅಂತ ನನಗ ಜೇಲಿನಾಗ ತಿಳೀತು.”

ಬಂಡಮ್ಮನ ಬಾಯಿ ಜೋರು ಎಂದು ಊರವರು ಈಗಲೂ ಹೇಳುತ್ತಾರೆ. ಆ ಮಾತನ್ನು ಮಾತ್ರ ಆಕೆ ಮೆತ್ತಗೆ ಹೇಳಿದಳು.