ಎಲ್ಲಿಗೆ ಎಂದು ಕೇಳುತ್ತಿದ್ದ ಕೆಳಮನೆಯವರು

ಮೊನ್ನೆ ಚಳಿಗಾಲದ ರಜಾಯಿ ತೆಗೆಯಲೆಂದು ನಮ್ಮ ಕಟ್ಟಡದ ನೆಲಮಾಳಿಗೆಗೆ ಇಳಿದಿದ್ದೆ. ಹಳೆಯ ಸೈಕಲ್ ಪಂಪು, ಚಕ್ರ ಮುರಿದ ಸೂಟ್‌ಕೇಸು, ಮೈಸೂರಿನಿಂದ ಹೊತ್ತು ತಂದು ಇಲ್ಲಿ ಒಂದೇ ಸಲ ತಿರುಗಿಸಿದ ಗ್ರೈಂಡರು, ಇವೆಲ್ಲದರ ಹಿಂದೆ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿ ಕೈಗೆ ತಾಗಿತು. ನಾನೇ ಇಟ್ಟದ್ದು. ಆದರೂ ಮುಚ್ಚಳ ತೆಗೆದಾಗ ಸುಮ್ಮನೆ ನಿಂತುಬಿಟ್ಟೆ. ಒದ್ದೆ ಮರಳಿನ ವಾಸನೆ... ನದಿಯ ಮರಳು, ಹಳೆಯ ರಬ್ಬರು, ಸ್ವಲ್ಪ ಕಾಫಿ. ಕೆಳಮನೆಯವರ ವಾಸನೆ.

ಅವರ ಹೆಸರು ಬಾಗಿಲ ಮೇಲೆ ಇತ್ತು. ಆದರೆ ನಾನು ಯಾವತ್ತೂ ಹೆಸರು ಹಿಡಿದು ಕರೆದವಳಲ್ಲ. ಇಲ್ಲಿನವರು ನೆರೆಮನೆಯ ಗಂಡಸನ್ನು 'ಬ್ಯೂರ್‌ಮನ್' ಎನ್ನುತ್ತಾರೆ, ಹೆಂಗಸನ್ನು 'ಬ್ಯೂರ್‌ಫ್ರೌ'. ಅವರು ನನ್ನನ್ನು ಹಾಗೆ ಕರೆದರು, ನಾನು ಅವರನ್ನು ಹಾಗೆ ಕರೆದೆ. ನಮ್ಮ ಮನೆಯೊಳಗೆ ಮಾತ್ರ ಅವರು 'ಕೆಳಮನೆಯವರು', ಸಿಟ್ಟು ಬಂದ ದಿನ 'ಕೆಳಮನೆ ಪತ್ತೇದಾರ'.

ಸಿಟ್ಟಿಗೆ ಕಾರಣವಿತ್ತು. ಡಚ್ಚರ ಊರಾದ ನೈಮೆಗನ್‌ನ ಈ ಹಳೆಯ ಕಟ್ಟಡಕ್ಕೆ ಮೆಟ್ಟಿಲು ಒಂದೇ, ಅದು ಇಳಿಯುವುದು ಅವರ ಬಾಗಿಲಿನ ಮುಂದೆ. ನನ್ನ ಬೂಟಿನ ಸದ್ದು ಕೇಳಿತೋ, ಬಾಗಿಲು ಕಿರ್ರೆನ್ನುತ್ತಿತ್ತು. ಬಿಳಿ ಹುಬ್ಬಿನ ಉದ್ದನೆಯ ಮುದುಕರು ಕುತ್ತಿಗೆ ಹೊರಗೆ ಚಾಚಿ ಕೇಳುತ್ತಿದ್ದುದು ಒಂದೇ ಪ್ರಶ್ನೆ. "ಎಲ್ಲಿಗೆ?" ಅದರ ಬಾಲಕ್ಕೇ ಇನ್ನೊಂದು. "ವಾಪಸ್ಸು ಯಾವಾಗ?"

ನಮ್ಮ ಮನೆಯಲ್ಲಿ ಹೊಸ್ತಿಲು ದಾಟುವವರನ್ನು ಯಾರಾದರೂ ಎಲ್ಲಿಗೆ ಎಂದು ಕೇಳಿದರೆ ಅಜ್ಜಿ ಸೌಟು ಎತ್ತುತ್ತಿದ್ದರು. ಕೇಳಿದರೆ ಹೊರಟ ಕೆಲಸ ಕೆಟ್ಟಿತೆಂದೇ ಅರ್ಥ. ತಿಳಿಯಲೇಬೇಕು ಎನ್ನುವವರು "ದೂರ ಹೊರಟ್ರಾ?" ಎಂದು ಬಳಸಿ ಕೇಳಬೇಕು. ಬಾಯಿ ತಪ್ಪಿ ಕೇಳಿಬಿಟ್ಟರೆ, ಹೊರಟವರು ಒಳಗೆ ಬಂದು ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಈ ಪುಣ್ಯಾತ್ಮರ ದೆಸೆಯಿಂದ ಕೊತ್ತಂಬರಿ ಸೊಪ್ಪು ತರಲು ಹೊರಟಾಗಲೂ ಮೆಟ್ಟಿಲು ಹತ್ತಿ ವಾಪಸ್ಸು ಬಂದು ನೀರು ಕುಡಿದಿದ್ದೇನೆ.

ಸಾಲದ್ದಕ್ಕೆ ನನ್ನದು ಹುಟ್ಟಾ ಅನುಮಾನದ ಬುದ್ಧಿ. ಹಾಲಿನವನ ಎದುರಿಗೇ ಹಾಲಿಗೆ ಬೆರಳದ್ದಿ ನೋಡುತ್ತಿದ್ದ ತಾಯಿಯ ಮಗಳು ನಾನು. ನನ್ನ ಮನೆಗೆ ಬೀಗ ಬೀಳುವ ಹೊತ್ತು, ತೆಗೆಯುವ ಹೊತ್ತು ಈ ಮನುಷ್ಯರಿಗೆ ಯಾಕೆ ಬೇಕು? ಈ ದೇಶದಲ್ಲಿ ಯಾರೂ ಯಾರ ತಂಟೆಗೂ ಹೋಗುವುದಿಲ್ಲ ಎನ್ನುತ್ತಾರೆ. ಹಾಗಾದರೆ ಇವರೊಬ್ಬರು ಯಾಕೆ ಹೀಗೆ?

ಒಂದು ನವೆಂಬರ್ ಮಧ್ಯಾಹ್ನ ವಾಲ್ ನದಿಯ ದಂಡೆಯಲ್ಲಿ ಸೈಕಲ್ ತುಳಿಯುತ್ತಿದ್ದೆ. ಮಂಜು ಕವಿದಿತ್ತು. ಕೆಳಗೆ ಮರಳಿನ ಮೇಲೆ ಯಾರೋ ಗುದ್ದಲಿಯಂಥದ್ದು ಹಿಡಿದು ಗುಂಡಿ ತೋಡುತ್ತಿದ್ದರು. ನೋಡಿದರೆ ಇವರೇ. ಒಂದು ನೀಲಿ ಡಬ್ಬಿಯನ್ನು ಗುಂಡಿಗೆ ಇಳಿಸಿ, ಮರಳು ಮುಚ್ಚಿ, ಕಾಲಿನಿಂದ ಸವರಿ ಗುರುತೇ ಇಲ್ಲದಂತೆ ಮಾಡಿದರು. ನನ್ನ ಬಾಯಿ ಸುಮ್ಮನಿರಬೇಕಲ್ಲ. ಸೈಕಲ್ ನಿಲ್ಲಿಸಿ ನನಗೆ ಬರುವ ಅರ್ಧಂಬರ್ಧ ಡಚ್‌ನಲ್ಲಿ ಕೇಳಿದೆ, ಏನು ಹೂಳುತ್ತಿದ್ದೀರಿ?

"ಪೀಪರ್" ಎಂದರು.

ಸಂತೆಯ ತರಕಾರಿಯವನು ನನಗೆ ಕಲಿಸಿದ ಡಚ್‌ನಲ್ಲಿ ಪೀಪರ್ ಎಂದರೆ ಆಲೂಗಡ್ಡೆ. ಅವರ ಮುಖ ನೋಡಿದೆ, ನಗುವಿಲ್ಲ. ನದಿ ಮರಳಿನಲ್ಲಿ ಆಲೂಗಡ್ಡೆ ಹೂಳುವವನು ಹುಚ್ಚನಿರಬೇಕು, ಇಲ್ಲ ಸುಳ್ಳನಿರಬೇಕು. ಹುಚ್ಚರಂತೂ ಅಲ್ಲ. ಮನೆಗೆ ಬಂದವಳೇ ಬಾಗಿಲಿಗೆ ಚಿಲಕ, ಅದರ ಮೇಲೆ ಸರಪಳಿ.

ಆಗ ನನ್ನ ತಮ್ಮ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತ ನನ್ನ ಜೊತೆಗೇ ಇದ್ದ. ನಾನು ಹೇಳಿದ್ದನ್ನು ಕೇಳಿ ಸೋಫಾದಿಂದ ಬೀಳುವಂತೆ ನಕ್ಕ.

"ಅಯ್ಯೋ ಅಕ್ಕಾ, ಆಲೂಗಡ್ಡೆ ಅಲ್ಲ! ಪೀಪರ್ ಅಂದ್ರೆ ಬೀಪ್ ಬೀಪ್ ಅನ್ನೋ ಮಷಿನ್ನು. ಹಿಮ ಕುಸಿದು ಯಾರಾದ್ರೂ ಅಡಿಗೆ ಸಿಕ್ಕಾಕೊಂಡ್ರೆ, ಫ್ರೆಂಡ್ಸ್ ಇನ್ನೊಂದು ಪೀಪರ್ ಹಿಡ್ಕೊಂಡು ಸಿಗ್ನಲ್ ಹಿಂದೆ ಹೋಗಿ ಹುಡುಕ್ತಾರೆ. ಮರಳಲ್ಲಿ ಅದರದ್ದೇ ಪ್ರಾಕ್ಟೀಸು."

"ಅದೆಲ್ಲ ನಿಂಗ್ ಹೇಗೋ ಗೊತ್ತು?"

ನಗು ನಿಂತಿತು. ಆಗ ಹೊರಗೆ ಬಿತ್ತು ವಿಷಯ. ಲ್ಯಾಬಿನ ಮೂವರು ಗೆಳೆಯರ ಜೊತೆ ಡಿಸೆಂಬರ್ ಮೊದಲ ವಾರ ಆಸ್ಟ್ರಿಯಾದ ಬೆಟ್ಟಗಳಿಗೆ ಹೋಗುತ್ತಾನಂತೆ. ಲಿಫ್ಟ್ ಇರುವ, ಬೇಲಿ ಹಾಕಿದ ಜಾಗವಲ್ಲ. ಸ್ಕೀ ಹಲಗೆಯ ಅಡಿಗೆ ಜಾರದಂಥ ಪಟ್ಟಿ ಅಂಟಿಸಿಕೊಂಡು ತಾವೇ ಬೆಟ್ಟ ಹತ್ತಿ, ಪಟ್ಟಿ ಕಿತ್ತು, ಯಾರೂ ತುಳಿಯದ ಹಿಮದಲ್ಲಿ ಇಳಿಯುವುದಂತೆ. ಎರಡು ಚಳಿಗಾಲದಿಂದ ಕಲಿಯುತ್ತಿದ್ದಾನೆ, ನನಗೆ ಹೇಳಿಲ್ಲ. ಅವನ ಪೀಪರ್, ಮಡಚುವ ಸಲಿಕೆ, ಹಿಮದೊಳಗೆ ಚುಚ್ಚಿ ನೋಡುವ ಉದ್ದ ಕಡ್ಡಿ, ಎಲ್ಲವನ್ನೂ ಕೊಟ್ಟವರು ಕೆಳಮನೆಯವರು. ಪುಕ್ಕಟೆ.

ದಾನದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರೆ. ನಾನು ಮೊದಲು ಎಣಿಸುವುದೇ ಹಲ್ಲು. ಅಮ್ಮ ಇವನನ್ನು ವಿಮಾನ ಹತ್ತಿಸುವಾಗ ಫೋನಿನಲ್ಲಿ ನನಗೆ ಹೇಳಿದ್ದಳು, "ಹೇಗೆ ಕಳಿಸ್ತಿದೀನೋ ಹಾಗೇ ವಾಪಸ್ ಕಳಿಸಮ್ಮ." ಬೇರೆಯವರ ಮಗನನ್ನು ಹಿಮದ ಬಾಯಿಗೆ ಅಟ್ಟಲು ಈ ಮುದುಕರಿಗೆ ಏನು ಸಂತೋಷ?

ಕೇಳಿಯೇಬಿಡೋಣ ಎಂದು ಸೆರಗು ಸಿಕ್ಕಿಸಿಕೊಂಡವಳಂತೆ ಹೊರಟಿದ್ದೆ, ಅಷ್ಟರಲ್ಲಿ ಅವರೇ ಮೇಲೆ ಬಂದು ಬಾಗಿಲು ತಟ್ಟಿದರು. ಸಕ್ಕರೆ ಬೇಕಂತೆ. ಗೋಧಿ ಹಿಟ್ಟೂ ಬೇಕಂತೆ. ಒಂದು ದೊಡ್ಡ ತಟ್ಟೆಯೂ. ತಮ್ಮನನ್ನು ಕರೆದು ನಿಲ್ಲಿಸಿ, ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ತಟ್ಟೆಯಲ್ಲಿ ಸಕ್ಕರೆ ಹರಡಿದರು, ಮೇಲೆ ಹಿಟ್ಟು ಸುರಿದು ಅಂಗೈಯಿಂದ ಒತ್ತಿ ನುಣ್ಣಗೆ ಮಾಡಿದರು. ನೋಡಲು ಬಲು ಚಂದ, ಗಟ್ಟಿ. ತಟ್ಟೆಯ ಒಂದು ಬದಿ ನಿಧಾನ ಎತ್ತಿದರು. ಏನೂ ಆಗಲಿಲ್ಲ. ಇನ್ನಷ್ಟು ಎತ್ತಿ ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಹಿಟ್ಟು ಇಡೀ ಚಪ್ಪಡಿಯಾಗಿ ಜಾರಿ ನನ್ನ ನೆಲದ ಮೇಲೆ ಬಿತ್ತು.

"ಅಕ್ಟೋಬರಿನಲ್ಲಿ ಬಿದ್ದ ತೆಳು ಹಿಮ ಚಳಿಯಲ್ಲಿ ಸಕ್ಕರೆಯಂತಾಗುತ್ತದೆ, ಒಂದು ಕಾಳು ಇನ್ನೊಂದಕ್ಕೆ ಅಂಟುವುದಿಲ್ಲ" ಎಂದರು, ಡಚ್ಚೂ ಇಂಗ್ಲಿಷೂ ಬೆರೆಸಿ. "ಆಮೇಲೆ ಗಾಳಿ ಹೊಸ ಹಿಮ ತಂದು ಮೇಲೆ ಒತ್ತುತ್ತದೆ. ಹುಡುಗರು ಅಂದುಕೊಳ್ಳುತ್ತಾರೆ, ಇನ್ನೂ ಹಿಮ ಕಡಿಮೆ, ಹಾಗಾಗಿ ಅಪಾಯವೂ ಕಡಿಮೆ. ಹಿಮ ಕಡಿಮೆ ಇದ್ದರೆ ಕೆಳಗೆ ಬಂಡೆ ಹತ್ತಿರ ಇರುತ್ತದೆ."

"ಕೇಳಿಸ್ಕೊಂಡ್ಯೇನೋ? ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ತಮ್ಮನ ಮೇಲೆ ಹರಿಹಾಯ್ದೆ.

ಅದರ ಅರ್ಥ ಅವರಿಗೆ ಬೇಕಾಯಿತು. ತಮ್ಮ ಹೇಳಿದ. ಮುದುಕರ ಮುಖ ಅರಳಿತು. ಅದುವರೆಗೆ ನಾನು ಅವರು ನಕ್ಕದ್ದನ್ನೇ ನೋಡಿರಲಿಲ್ಲ. "ಬೆಲ್ಲಗಿರೋದೆಲ್ಲ ಹಾಲಲ್ಲ" ಎಂದು ಹೇಳಿಕೊಳ್ಳುತ್ತ ಮೆಟ್ಟಿಲು ಇಳಿದರು. ನೆಲ ಒರೆಸಿದವಳು ನಾನು. ಹಿಟ್ಟು ಚೆಲ್ಲಿ ಹೋದದ್ದಕ್ಕೆ ಒಂದು ಕ್ಷಮೆ ಇಲ್ಲ! ಆದರೆ ಇವರು ಹಿಮವನ್ನು ನೋಡುವುದು ನಾನು ಇವರನ್ನು ನೋಡುವ ಕಣ್ಣಿನಿಂದಲೇ ಎಂದು ಆವತ್ತು ಮೊದಲ ಸಲ ಅನ್ನಿಸಿತು.

ಹೊರಡುವ ದಿನ ಬಂತು. ತಮ್ಮ ಸ್ಕೀ ಹೆಗಲಿಗೇರಿಸಿಕೊಂಡು "ಹೋಗ್ಬರ್ತೀನಿ ಅಕ್ಕ" ಎಂದ. ನಾನು ಶಾಸ್ತ್ರಕ್ಕೆ ಸರಿಯಾಗಿ ಏನೂ ಕೇಳಲಿಲ್ಲ. ಆಸ್ಟ್ರಿಯಾ ಎಂದಷ್ಟೇ ಗೊತ್ತು, ಅದು ಸಾಕು. ಕೆಳಗೆ ಬಾಗಿಲು ಕಿರ್ರೆಂದಿತು.

"ಎಲ್ಲಿಗೆ?"

"ಥೂ, ಇವತ್ತೂ ಕೇಳಿದ್ರಲ್ಲಪ್ಪ! ಲೋ, ಮೇಲೆ ಬಾ, ನೀರು ಕುಡಿದು ಹೋಗು."

ತಮ್ಮ ನಗುತ್ತ ಮೇಲೆ ಬಂದ. ಅವನ ಹಿಂದೆಯೇ ಕೆಳಮನೆಯವರೂ ಬಂದರು. ಅವನು ಕೂತು ನೀರು ಕುಡಿಯುವಷ್ಟು ಹೊತ್ತಿನಲ್ಲಿ ಯಾವ ಕಣಿವೆ, ಯಾವ ಮಗ್ಗುಲು, ಎಲ್ಲಿಂದ ಹತ್ತಿ ಎಲ್ಲಿ ಇಳಿಯುವುದು, ಯಾವ ವಸತಿಗೃಹ, ಎಲ್ಲವನ್ನೂ ಬಾಯಿಬಿಡಿಸಿ ತಿರುಗಿ ಒಪ್ಪಿಸಿದರು. ಕೊನೆಗೆ ಕೇಳಿದರು, "ಶನಿವಾರ ನಾನು ಎಷ್ಟು ಗಂಟೆಗೆ ಅನುಮಾನ ಪಡಲು ಶುರು ಮಾಡಲಿ?"

"ನಾಲ್ಕಕ್ಕೆ" ಎಂದ ತಮ್ಮ.

ಶನಿವಾರ ನಾಲ್ಕು ಹೊಡೆಯುತ್ತಲೇ ಅವರು ಬಾಗಿಲಲ್ಲಿದ್ದರು. ಫೋನು ಬಂತೇ? ಬಂದಿರಲಿಲ್ಲ. ಬ್ಯಾಟರಿ ಮುಗಿದಿರಬೇಕು ಎಂದೆ. ಅವರ ಮುಖ ನೋಡಲು ನನಗೆ ಇಷ್ಟವಿರಲಿಲ್ಲ, ಕಾಗೆ ಕೂತ ಹಾಗೆ ಬಂದು ಕೂತಿದ್ದಾರೆ ಎಂದು ಒಳಗೊಳಗೇ ಬೈದೆ. ಅವರು ವಾದಿಸಲಿಲ್ಲ. ಮೆಟ್ಟಿಲ ಮೇಲೆ ಕೂತು ವಸತಿಗೃಹಕ್ಕೆ ಫೋನು ಮಾಡಿ ಜರ್ಮನ್‌ನಲ್ಲಿ ಮಾತಾಡಿದರು. ಹುಡುಗರು ಮರಳಿಲ್ಲ. ಮರುಕ್ಷಣವೇ ಅಲ್ಲಿನ ಪರ್ವತ ರಕ್ಷಣಾ ದಳಕ್ಕೆ ಫೋನು. ಕಣಿವೆ, ಮಗ್ಗುಲು, ಇಳಿಯುವ ದಾರಿ, ನಾಲ್ಕು ಜನ. ತಡವರಿಸದೆ ಹೇಳಿದರು. ನನ್ನನ್ನು ಕೇಳಿದ್ದರೆ? ನನಗೆ ಒಂದು ದೇಶದ ಹೆಸರು ಬಿಟ್ಟು ಬೇರೇನೂ ಗೊತ್ತಿರಲಿಲ್ಲ.

ಆಮೇಲೆ ನಾನೂ ಮೆಟ್ಟಿಲ ಮೇಲೆ ಕೂತೆ. ಅವರ ಪಕ್ಕದಲ್ಲೇ. ಕಾಫಿ ತಂದುಕೊಟ್ಟರು, ತಣ್ಣಗಾಯಿತು. ಅಮ್ಮನ ಫೋನು ಬಂತು, ಎತ್ತಲಿಲ್ಲ... ಏನು ಹೇಳಲಿ? ದೇವರೇ, ಅವನನ್ನು ಹೇಗಾದರೂ ಕೊಡು, ಕೈಕಾಲು ಮುರಿದಾದರೂ ಕೊಡು ಎಂದು ಬೇಡಿಕೊಂಡೆ.

ಹಾಗೆಯೇ ಕೊಟ್ಟ. ಇಳಿಯುವಾಗ ಹಿಮದ ಚಪ್ಪಡಿ ಕಳಚಿ ತಮ್ಮನನ್ನು ಎಳೆದುಕೊಂಡು ಹೋಗಿತ್ತು. ಗೆಳೆಯರು ಪೀಪರ್ ಹಿಡಿದು ಹುಡುಕಿ, ಸಲಿಕೆಯಿಂದ ತೋಡಿ ಬೇಗನೆ ತೆಗೆದಿದ್ದರು. ಆದರೆ ಅಡಿಯ ಬಂಡೆಗೆ ಬಡಿದು ಕಾಲು ಮುರಿದಿತ್ತು, ಆ ತಗ್ಗಿನಲ್ಲಿ ಫೋನಿಗೆ ಸಿಗ್ನಲ್ ಇಲ್ಲ, ಮೈ ತಣ್ಣಗಾಗುತ್ತಿತ್ತು. ಸಹಾಯಕ್ಕೆಂದು ಕೆಳಗಿಳಿಯುತ್ತಿದ್ದ ಗೆಳೆಯನಿಗೆ ರಕ್ಷಣಾ ದಳದವರು ಅರ್ಧ ದಾರಿಯಲ್ಲೇ ಎದುರಾದರಂತೆ. ಅವರು ಆಗಲೇ ಹೊರಟಿದ್ದರು. ರಾತ್ರಿಯ ಚಳಿ ಏರುವ ಮೊದಲು ತಲುಪಿದ್ದಕ್ಕೆ ಹುಡುಗ ಉಳಿದ ಎಂದು ಅಲ್ಲಿನ ವೈದ್ಯರು ಹೇಳಿದರು.

ಸುದ್ದಿ ಬಂದಾಗ ನಾನು ಜೋರಾಗಿ ಅತ್ತೆ. ಕೆಳಮನೆಯವರು ನನ್ನ ಬೆನ್ನು ತಟ್ಟಲಿಲ್ಲ, ಎದ್ದು ಹೋಗಿ ತಣ್ಣಗಾದ ಕಾಫಿ ಚೆಲ್ಲಿ ಬಿಸಿಯದು ತಂದರು. ಕುಡಿಯುತ್ತ ಕೇಳಿದೆ, ನೀವು ಎಷ್ಟು ಬೆಟ್ಟ ಹತ್ತಿದ್ದೀರಿ?

"ಒಂದೂ ಇಲ್ಲ" ಎಂದರು. "ನನಗೆ ಎತ್ತರ ಎಂದರೆ ಭಯ."

ಹತ್ತುತ್ತಿದ್ದವರು ಅವರ ಹೆಂಡತಿ. ಪ್ರತಿ ಚಳಿಗಾಲವೂ. ಇವರು ಇದೇ ಮನೆಯಲ್ಲಿ ಕೂತು ಕಾಯುತ್ತಿದ್ದರು. ಹೊರಡುವ ಮುಂಚೆ ನದಿ ಮರಳಿನಲ್ಲಿ ಇವರು ಪೀಪರ್ ಹೂತಿಡಬೇಕು, ಆಕೆ ಹುಡುಕಬೇಕು. ಅಂಥವರಿಗೆ ಡಚ್‌ನಲ್ಲಿ 'ಥೌಸ್‌ಬ್ಲೈವರ್' ಎನ್ನುತ್ತಾರಂತೆ, ಮನೆಯಲ್ಲಿ ಉಳಿಯುವವನು ಎಂದು. "ಹೋಗುವವರೆಲ್ಲ ಧೈರ್ಯಸ್ಥರು, ಅವರಿಗೆ ಅನುಮಾನ ಸಾಲದು. ಅವರ ಪಾಲಿನದನ್ನೂ ಒಬ್ಬರು ಮನೆಯಲ್ಲಿ ಕೂತು ಪಡಬೇಕು" ಎಂದರು. ಆಕೆ ಎಲ್ಲ ಸಲವೂ ವಾಪಸ್ಸು ಬಂದಿದ್ದರು. ಕೊನೆಗೆ ಹೋದದ್ದು ಕಾಯಿಲೆಯಲ್ಲಿ, ಈ ಊರಿನ ಹಾಸಿಗೆಯ ಮೇಲೆ. ಈಗ ತಾವೇ ಹೂತು ತಾವೇ ಹುಡುಕುತ್ತಾರಂತೆ. "ಅವಳಷ್ಟು ಬೇಗ ಸಿಗುವುದಿಲ್ಲ ನನಗೆ..."

ಅವರ ಮೇಲೆ ಅನುಮಾನ ಪಟ್ಟದ್ದು ತಪ್ಪೆಂದು ನಾನು ಈಗಲೂ ಹೇಳುವುದಿಲ್ಲ. ಅವರೂ ಹಾಗೆ ಹೇಳುತ್ತಿರಲಿಲ್ಲ. ಆಮೇಲೆ ನಮ್ಮಿಬ್ಬರಿಗೂ ಚೆನ್ನಾಗಿಯೇ ಹೊಂದಿತು, ಸಂಜೆ ಮೆಟ್ಟಿಲ ಮೇಲೆ ಕೂತು ಜೊತೆಗೆ ಕಾಫಿ ಕುಡಿಯುವಷ್ಟು. ಮೆಟ್ಟಿಲಿಳಿಯುವಾಗ ಅವರು ಎಲ್ಲಿಗೆ ಎನ್ನುವ ಮೊದಲೇ ನಾನು ವರದಿ ಒಪ್ಪಿಸುತ್ತಿದ್ದೆ. ಮನೆಯಲ್ಲಿ ನೀರು ಮಾತ್ರ ಮೊದಲೇ ಕುಡಿದಿರುತ್ತಿದ್ದೆ.

ಹೋದ ವಸಂತದಲ್ಲಿ ಒಂದು ಬೆಳಿಗ್ಗೆ ಅವರು ಸಣ್ಣ ಚೀಲ ಹಿಡಿದು ನನ್ನ ಬಾಗಿಲಿಗೆ ಬಂದರು. ಆಸ್ಪತ್ರೆಗೆ ಹೊರಟಿದ್ದರು, ಆಪರೇಷನ್ನು. ಯಾವ ವಾರ್ಡು, ಯಾವ ಮಹಡಿ, ಎಲ್ಲ ಹೇಳಿ ನೀಲಿ ಡಬ್ಬಿ ಕೈಗಿತ್ತರು. "ನಾನು ಬರುವ ತನಕ ಇದು ನಿಮ್ಮ ಹತ್ತಿರ ಇರಲಿ. ಗುರುವಾರ ಸಂಜೆಯೊಳಗೆ ಬರದಿದ್ದರೆ ಶುರು ಮಾಡಿ, ಬ್ಯೂರ್‌ಫ್ರೌ."

ಗುರುವಾರ ಸಂಜೆ ಕೆಳಗೆ ಬಾಗಿಲು ಕಿರ್ರೆನ್ನಲಿಲ್ಲ. ವಾರ್ಡಿಗೆ ಫೋನು ಮಾಡಿದೆ. ಎತ್ತಿದ ಹೆಂಗಸು, ಕುಟುಂಬದವರಲ್ಲದೆ ಬೇರೆಯವರಿಗೆ ಏನೂ ಹೇಳುವಂತಿಲ್ಲ, ನೀವು ಅವರಿಗೆ ಏನಾಗಬೇಕು ಎಂದಳು. ಏನೆನ್ನಲಿ? ಅಕ್ಕ, ತಂಗಿ, ಮಗಳು, ಯಾವುದೂ ಅಲ್ಲ. "ನಾನು ಅವರ ಥೌಸ್‌ಬ್ಲೈವರ್" ಎಂದೆ. ಆಕೆ ಮೆತ್ತಗೆ ಹೇಳಿದಳು, ಅವತ್ತು ಮಧ್ಯಾಹ್ನವೇ ತೀರಿಕೊಂಡಿದ್ದರು.

ಈಗ ಕೆಳಮನೆಯಲ್ಲಿ ಹೊಸಬರು. ಒಳ್ಳೆಯವರೇ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಓಡಾಡುತ್ತಾರೆ, ಯಾರನ್ನೂ ಏನೂ ಕೇಳುವುದಿಲ್ಲ. ನನ್ನ ತಮ್ಮ ಈಗ ಆಮ್ಸ್ಟರ್‌ಡ್ಯಾಮಿನಲ್ಲಿ ಕೆಲಸದಲ್ಲಿದ್ದಾನೆ. ಕಾಲು ಕೂಡಿದೆ, ಬುದ್ಧಿ ಕೂಡಿಲ್ಲ, ಮತ್ತೆ ಬೆಟ್ಟ ಹತ್ತುತ್ತಾನೆ. ನಿನ್ನೆ ಬೆಳಿಗ್ಗೆ ನನ್ನ ನೆಲಮಾಳಿಗೆಯಿಂದ ಸ್ಕೀ ತೆಗೆದುಕೊಂಡು ಹೊರಟ. ಮೆಟ್ಟಿಲ ಬುಡದಲ್ಲಿ, ಆ ಬಾಗಿಲ ಮುಂದೆ ನಿಂತ. ಬೂಟಿನ ದಾರ ಸರಿಮಾಡುವವನಂತೆ ಬಗ್ಗಿದ, ಎದ್ದ, ಮತ್ತೆ ಬಗ್ಗಿದ. ಬಾಗಿಲು ತೆರೆಯಲಿಲ್ಲ.

ಅಜ್ಜಿ, ಕ್ಷಮಿಸಿಬಿಡು.

"ಎಲ್ಲಿಗೋ?" ಎಂದೆ ಮೇಲಿನಿಂದ.

ತಲೆಯೆತ್ತಿ ನೋಡಿದ. ನೀರಿಗೆ ವಾಪಸ್ಸು ಬರಲಿಲ್ಲ. ಕಣಿವೆ, ಮಗ್ಗುಲು, ಇಳಿಯುವ ದಾರಿ, ಎಲ್ಲ ಹೇಳಿದ. ನಾನು ತಿರುಗಿ ಒಪ್ಪಿಸಿದೆ. "ನಾಲ್ಕಕ್ಕೆ ಶುರು ಮಾಡು, ಅಕ್ಕ" ಎಂದ.

ಇವತ್ತು ಶನಿವಾರ. ಮೂರೂವರೆ ಆಗಿದೆ. ಮೆಟ್ಟಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ, ಫೋನು ತೊಡೆಯ ಮೇಲಿದೆ. ಎರಡು ಲೋಟ ಕಾಫಿ ಮಾಡಿಕೊಂಡು ಬಂದುಬಿಟ್ಟಿದ್ದೇನೆ, ಅಭ್ಯಾಸಬಲ. ಒಂದು ತಣ್ಣಗಾಗುತ್ತಿದೆ...