ನಾದಿನಿಯ ಎದೆಯ ಸೀಟಿ

ನನ್ನ ನಾದಿನಿ, ಅಂದರೆ ನನ್ನ ಗಂಡನ ಅಕ್ಕ, ಮನೆಯಲ್ಲಿದ್ದಾಳೋ ಇಲ್ಲವೋ ಎಂದು ನಾವು ಯಾರೂ ಕಣ್ಣಿನಿಂದ ನೋಡಿ ತಿಳಿದುಕೊಂಡವರಲ್ಲ. ಅವಳ ಎದೆ ಸೀಟಿ ಹೊಡೆಯುತ್ತಿತ್ತು. ಮೆಟ್ಟಿಲು ಹತ್ತಿದರೆ ಸೀಟಿ, ನಕ್ಕರೆ ಸೀಟಿ, ನನ್ನ ಮೇಲೆ ರೇಗಿದರಂತೂ ಎರಡೆರಡು ಸ್ವರದಲ್ಲಿ ಸೀಟಿ. ಮಕ್ಕಳು ಸೀಟಿ ಅತ್ತೆ ಎಂದೇ ಕರೆಯುತ್ತಿದ್ದರು. "ಕಣ್ಣಾಮುಚ್ಚಾಲೆಗೆ ನಾನು ಲಾಯಕ್ಕಿಲ್ಲ ಕಣ್ರೋ, ಎಲ್ಲಿ ಬಚ್ಚಿಟ್ಕೊಂಡ್ರೂ ಸಿಕ್ಕಿಬೀಳ್ತೀನಿ" ಎಂದು ಅವಳೇ ನಗುತ್ತಿದ್ದಳು. ಉಬ್ಬಸ ಅವಳಿಗೆ ಚಿಕ್ಕಂದಿನಿಂದ ಅಂಟಿಕೊಂಡದ್ದು.

ಅಂಥವಳು ಹಿಡಿದ ಕೆಲಸ ನೋಡಿ! ಹಳೆಯ ಹಾಸಿಗೆ ಬಿಚ್ಚಿ, ಗಂಟುಗಟ್ಟಿದ ಹತ್ತಿ ಹಿಂಜಿ, ಬಿಸಿಲು ತೋರಿಸಿ, ಮತ್ತೆ ತುಂಬಿ ಹೊಲಿಯುವುದು. ಮಹಡಿಯ ಕೋಣೆಯಲ್ಲಿ ಕಿಟಕಿಯ ಬೆಳಕು ಬಿದ್ದರೆ ಗಾಳಿಗಿಂತ ಧೂಳೇ ಹೆಚ್ಚು ಕಾಣುತ್ತಿತ್ತು. ಬೈದು ಬೈದು ನನ್ನ ಗಂಟಲು ಒಣಗಿತೇ ಹೊರತು ಅವಳು ಜಗ್ಗಲಿಲ್ಲ. "ಗಂಡನ್ನ ಬಿಟ್ಟು ಬಂದಾಯ್ತು, ಇದನ್ನೂ ಬಿಟ್ಟು ನಿನ್ನ ಅಡುಗೆಮನೇಲಿ ಕೂತ್ಕೊಳ್ಲಾ?" ಎನ್ನುತ್ತಿದ್ದಳು.

ಹೊಲಿಗೆ ಬಿಚ್ಚುವ ಮೊದಲು ಅಂಗೈಯಿಂದ ಹಾಸಿಗೆಯನ್ನು ಉದ್ದಕ್ಕೂ ಒತ್ತಿ ನೋಡುವುದು ಅವಳ ಪದ್ಧತಿ. ಮಲಗಿದವರ ಮೈ ಹತ್ತಿಯಲ್ಲಿ ತಗ್ಗು ಮಾಡಿರುತ್ತದಂತೆ. "ಇವ್ರು ಎಡಗಡೆ ತಿರುಗಿ, ಮಂಡಿ ಮಡಚ್ಕೊಂಡು ಮಲಗ್ತಿದ್ರು. ಈಗಿಲ್ಲ ಇವ್ರು" ಎಂದುಬಿಡುತ್ತಿದ್ದಳು. ವಿಚಾರಿಸಿದರೆ ಹೌದು, ಆ ಮನೆಯಲ್ಲಿ ಸಾವಾಗಿರುತ್ತಿತ್ತು. ಹೇಗೆ ಗೊತ್ತಾಯಿತು ಎಂದು ನಾನು ಕೇಳಲು ಹೋಗಲಿಲ್ಲ. ಕೆಲವು ವಿಷಯ ಕೇಳದಿರುವುದೇ ವಾಸಿ.

ಉಸಿರು ಕಟ್ಟಿದಾಗ ಬಾಯಿಗಿಟ್ಟು ಎಳೆದುಕೊಳ್ಳಲು ಆಸ್ಪತ್ರೆಯವರು ಕೊಟ್ಟ ಪಫ್ ಅವಳ ಸೊಂಟದ ಚೀಲದಲ್ಲಿ ಸದಾ ಇರುತ್ತಿತ್ತು. ಹೀಗಿರುವಾಗ ಯಾರೋ ಗಿರಾಕಿ ಹೋಮಿಯೋಪತಿಯ ಗುಳಿಗೆ ಡಾಕ್ಟರ ಹೆಸರು ಹೇಳಿದರು. ಹೋಗಿ ಬಂದವಳ ಮುಖ ನೋಡಬೇಕಿತ್ತು, ಮದುವೆ ಹೆಣ್ಣಿಗೂ ಅಷ್ಟು ಕಳೆ ಇರುವುದಿಲ್ಲ. "ಎಷ್ಟೊಂದು ಕೇಳಿದ್ರು ಗೊತ್ತಾ! ಯಾವ ಮಗ್ಗುಲಲ್ಲಿ ಮಲಗ್ತೀರಿ, ಯಾವುದಕ್ಕೆ ಹೆದರ್ತೀರಿ, ಎಂಥ ಕನಸು ಬೀಳುತ್ತೆ... ಹುಟ್ಟಿದಾಗ್ನಿಂದ ನನ್ನನ್ನ ಯಾರು ಕೇಳಿದ್ರು ಇದನ್ನೆಲ್ಲ?"

ನಿಜವೇ. ನಾವೂ ಕೇಳಿರಲಿಲ್ಲ.

ಗುಳಿಗೆ ತಿನ್ನುವಾಗ ಘಾಟು ವಾಸನೆಯ ಪದಾರ್ಥ ದೂರವಿಡಿ, ಮೊದಲು ಕಾಯಿಲೆ ಸ್ವಲ್ಪ ಕೆರಳೀತು, ಆಮೇಲೆ ಬಂದ ದಾರಿಯಲ್ಲೇ ವಾಪಸು ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಪಫ್ ಬಿಡಿ ಎಂದು ಮಾತ್ರ ಅವರು ಹೇಳಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಬಿಟ್ಟವಳು ಇವಳೇ. ಪಫ್‌ಗೂ ಒಂದು ಘಾಟಿದೆ, ಗುಳಿಗೆ ಕೆಟ್ಟೀತು ಎಂದು ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಚ್ಚಲಿನ ಸೋಪಿನ ಡಬ್ಬಿಗೆ ಹಾಕಿಟ್ಟಳು. ನಾನು ಕಿರುಚಾಡಿದೆ. "ಗುಣ ಆಗೋದು ನಿನಗಿಷ್ಟ ಇಲ್ವಾ?" ಎಂದಳು. ನನ್ನ ಗಂಡನೂ ಅಕ್ಕನ ಕಡೆಯೇ. "ಸುಮ್ನಿರೇ, ಅವಳಿಗೆ ನಂಬಿಕೆ ಬಂದಿದೆ."

ಸೀಟಿ ಜೋರಾಯಿತು. "ಕೆರಳ್ತಿದೆ, ಅಂದ್ರೆ ಕೆಲಸ ಮಾಡ್ತಿದೆ" ಎಂದು ಅಕ್ಕತಮ್ಮ ಇಬ್ಬರೂ ಖುಷಿಪಟ್ಟರು. ಊಟದ ಕೋಣೆಯಲ್ಲಿ ಕೂತರೆ ಮಹಡಿಯಿಂದ ಆ ಸದ್ದು ಗೋಡೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಒಂದು ದಿನ ಊಟಕ್ಕೆ ಕರೆಯಲು ಹೋದೆ. ಬಿಚ್ಚದ ಹಾಸಿಗೆಯ ಮೇಲೆ ಬೋರಲು ಬಿದ್ದು, ಕಿವಿ ಒತ್ತಿಟ್ಟುಕೊಂಡಿದ್ದಳು.

"ಏನೇ ಇದು ಅವತಾರ?"

"ಶ್! ಬಂದ ದಾರೀಲೇ ಹೋಗುತ್ತೆ ಅಂದಿರಲಿಲ್ವಾ? ನನಗೆ ಚಿಕ್ಕಂದಿನಲ್ಲಿ ಬಂದಿದ್ದೂ ಹಾಸಿಗೆಯಿಂದ್ಲೇ. ಈಗ ಇದರೊಳಗೆ ಇಳೀತಿದೆ. ಬಾ, ಕೇಳು." ಒಂದೊಂದು ಮಾತಿಗೂ ನಿಂತು ಉಸಿರೆಳೆಯುತ್ತಿದ್ದಳು.

ತಲೆ ಕೆಟ್ಟಿದೆ ಎಂದು ಬೈಯುತ್ತಲೇ ಬಗ್ಗಿ ಕಿವಿ ಇಟ್ಟೆ. ಅವಳು ಕೈಯಿಂದ ಬಾಯಿ ಮುಚ್ಚಿ ಉಸಿರು ಬಿಗಿಹಿಡಿದಳು. ಒಳಗಿನಿಂದ ಸಣ್ಣಗೆ, ಎಳೆದು ಎಳೆದು, ಸೀಟಿ ಕೇಳಿಸಿತು. ಯಾರು ಏನಾದರೂ ಅಂದುಕೊಳ್ಳಲಿ, ನನಗೆ ಕೇಳಿಸಿತು. ಅವಳನ್ನು ಅಲ್ಲೇ ಬಿಟ್ಟು ಕೆಳಗಿಳಿದು ಬಂದೆ.

ಮಾರನೆಯ ಮಧ್ಯಾಹ್ನ ತಟ್ಟೆ ತೊಳೆಯುತ್ತಿದ್ದೆ. ಮನೆ ಏನೋ ಬೇರೆಯಾಗಿದೆ ಎನ್ನಿಸಿತು. ನಲ್ಲಿ ನಿಲ್ಲಿಸಿದೆ. ಸದ್ದಿಲ್ಲ. ನನ್ನ ಗಂಡ ಪೇಪರು ಬಿಟ್ಟು ಎದ್ದು ನಿಂತಿದ್ದರು, ಮುಖವೆಲ್ಲ ನಗು.

"ನಿಂತುಹೋಯ್ತು ಕಣೇ! ಕೇಳು, ಏನೂ ಇಲ್ಲ! ಅಕ್ಕ ಗೆದ್ದುಬಿಟ್ಲು!"

ಆ ನಿಶ್ಶಬ್ದ ನನಗೆ ಹಿಡಿಸಲಿಲ್ಲ. ಮಹಡಿಗೆ ಓಡಿದೆ. ನಾದಿನಿ ಹಾಸಿಗೆಯ ಅಂಚಿನಲ್ಲಿ ಎರಡೂ ಕೈ ಊರಿ, ಬೆನ್ನು ಸೆಟೆಸಿ ಕೂತಿದ್ದಳು. ಹೆಗಲು ಏರುತ್ತಿತ್ತು, ಇಳಿಯುತ್ತಿತ್ತು. ಬಾಯಿ ತೆರೆದಿತ್ತು. ತುಟಿ ಬೂದಿ ಬಣ್ಣಕ್ಕೆ ತಿರುಗಿತ್ತು. ಇಷ್ಟೆಲ್ಲ ನಡೆಯುತ್ತಿದ್ದರೂ ಒಂದಿಷ್ಟೂ ಸದ್ದಿಲ್ಲ, ಗಾಜಿನ ಆಚೆ ಕೂತವಳನ್ನು ನೋಡಿದ ಹಾಗೆ. ಕಣ್ಣು ಮಾತ್ರ ನನ್ನನ್ನು ಹಿಡಿದುಕೊಂಡಿತ್ತು.

ಬಚ್ಚಲಿಗೆ ಓಡಿ ಡಬ್ಬಿ ಒಡೆದು ಪಫ್ ತಂದು ಅವಳ ಬಾಯಿಗಿಟ್ಟು ಒತ್ತಿದೆ. ಒಳಗೆಳೆಯಲು ಅವಳಲ್ಲಿ ಉಸಿರೇ ಇರಲಿಲ್ಲ. ಔಷಧಿಯ ಹೊಗೆ ತುಟಿಯ ಸಂದಿಯಿಂದ ಹಾಗೇ ಹೊರಗೆ ಬಂತು.

"ಎಳ್ಕೋ! ನಿನ್ನ ಕಾಲಿಗೆ ಬೀಳ್ತೀನಿ, ಎಳ್ಕೋ!" ಎಂದು ಅರಚಿದೆ.

ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಕಣ್ಣೂ ನನ್ನನ್ನು ಬಿಟ್ಟಿತ್ತು. ವಯಸ್ಸಿನಲ್ಲಿ ಚಿಕ್ಕವರಾದ ಡಾಕ್ಟರು ಸ್ಟೆತಸ್ಕೋಪು ಎದೆಗಿಟ್ಟರು, ಬೆನ್ನಿಗಿಟ್ಟರು, ಮತ್ತೆ ಎದೆಗಿಟ್ಟರು. "ಎದೇಲಿ ಸದ್ದೇ ಇಲ್ಲ" ಎಂದು ನರ್ಸಿಗೆ ಹೇಳಿದರು.

"ಹೌದು ಮೇಡಂ, ಪೂರ್ತಿ ಹೋಗಿದೆ" ಎಂದರು ನನ್ನ ಗಂಡ. ಪಾಪ, ಇನ್ನೂ ಆ ಸಂತೋಷದಲ್ಲೇ ಇದ್ದರು. "ಸ್ವಲ್ಪ ಸುಸ್ತು ಅಷ್ಟೇ."

ಡಾಕ್ಟರು ತಿರುಗಿ ನೋಡಿದರು. "ಗಾಳಿ ಓಡಾಡಿದ್ರೆ ತಾನೇ ಸದ್ದು ಬರೋದು? ಇವರಿಗೆ ಗಾಳಿನೇ ಹೋಗ್ತಿಲ್ಲ."

ಬಾಗಿಲು ಮುಚ್ಚಿತು. ನನ್ನ ಗಂಡ ಬಾಗಿಲಿಗೆ ಕಿವಿ ಕೊಟ್ಟು ನಿಂತರು. ನಾನೂ ನಿಂತೆ. ಒಳಗೆ ಯಂತ್ರದ ಸದ್ದು, ಟ್ರೇ ಸದ್ದು, ಯಾರದೋ ಚಪ್ಪಲಿಯ ಸದ್ದು. ಬೆಳಗ್ಗೆಯೆಲ್ಲ ಬೈದುಕೊಳ್ಳುತ್ತಿದ್ದ ಆ ಒಂದು ಸದ್ದು ಬರಲಪ್ಪಾ ಎಂದು ನಾನು ಹಲ್ಲು ಕಚ್ಚಿ ಬೇಡಿಕೊಂಡೆ.

ಡಾಕ್ಟರು ಹೊರಗೆ ಬಂದಾಗ ನನ್ನ ಗಂಡ ಅವರ ಕೈಯನ್ನೇ ಹಿಡಿದುಕೊಂಡರು.

"ಸೀಟಿ ಬಂತಾ ಮೇಡಂ? ಅಕ್ಕನಿಗೆ ಸೀಟಿ ಬಂತಾ?"

ಅವರು ಕೈ ಬಿಡಿಸಿಕೊಳ್ಳಲಿಲ್ಲ. ಇಲ್ಲ ಎಂದು ತಲೆಯಾಡಿಸಿದರು.