ಹಲ್ಲಿನ ಡಾಕ್ಟರಮ್ಮನ ಕ್ರಿಸ್ಮಸ್ ಬ್ಯಾಂಡು

ವರ್ಷದ ಹನ್ನೊಂದು ತಿಂಗಳು ನಮ್ಮ ಹಲ್ಲಿನ ಡಾಕ್ಟರಮ್ಮನ ತಲೆ ನೆಟ್ಟಗೇ ಇರುತ್ತದೆ. ಡಿಸೆಂಬರ್ ಬಂತೆಂದರೆ ಮುಗಿಯಿತು. ಮನೆಯ ಅಟ್ಟದಿಂದ ಅವಳ ಚಿಕ್ಕಪ್ಪನ ರೆಕಾರ್ಡುಗಳ ಪೆಟ್ಟಿಗೆ ಕೆಳಗಿಳಿಯುತ್ತದೆ. ಅದರ ಹಿಂದೆಯೇ ರೆಕಾರ್ಡ್ ಪ್ಲೇಯರ್ ಕೂಡ ಕ್ಲಿನಿಕ್ಕಿಗೆ ಬಂದು, ಬಾಯಿ ಮುಕ್ಕಳಿಸುವ ಬೇಸಿನ್ನಿನ ಪಕ್ಕದ ಮೇಜಿನ ಮೇಲೆ ಠಿಕಾಣಿ ಹೂಡುತ್ತದೆ. ಹೊಸ ವರ್ಷ ಕಳೆಯುವವರೆಗೂ ಅದನ್ನು ಕದಲಿಸುವ ಧೈರ್ಯ ಯಾರಿಗೂ ಇಲ್ಲ.

ಅವು ಹಳೇ ಕಾಲದ ದೊಡ್ಡ ಬ್ಯಾಂಡುಗಳು ನುಡಿಸಿದ ಕ್ರಿಸ್ಮಸ್ ಹಾಡುಗಳು. ಹದಿನೈದಿಪ್ಪತ್ತು ಜನ ಕೋಟು ತೊಟ್ಟು, ಕೂದಲಿಗೆ ಎಣ್ಣೆ ಬಳಿದು, ಸಾಲಾಗಿ ಕೂತು ಟ್ರಂಪೆಟ್ಟು, ಟ್ರಾಂಬೋನು, ಸ್ಯಾಕ್ಸೊಫೋನುಗಳನ್ನು ಒಟ್ಟಿಗೆ ಊದಿದರೆ ಏನಾಗುತ್ತದೆ? ಡಾಕ್ಟರಮ್ಮನ ಪ್ರಕಾರ ಸ್ವರ್ಗದ ಬಾಗಿಲು ತೆರೆಯುತ್ತದೆ. ಅವಳ ಅತ್ತೆಯ ಪ್ರಕಾರ ಅಟ್ಟದ ಮೇಲಿನ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿ ಬೀಳುತ್ತವೆ.

ಈ ಹುಚ್ಚು ಹತ್ತಿಸಿದ್ದು ಚಿಕ್ಕಪ್ಪ. ಆ ಪುಣ್ಯಾತ್ಮ ಒಂದು ಹೋಟೆಲಿನ ಡ್ಯಾನ್ಸ್ ಬ್ಯಾಂಡಿನಲ್ಲಿ ಎರಡನೆಯ ಟ್ರಾಂಬೋನ್ ಊದುತ್ತಿದ್ದ. ಮೊದಲನೆಯವನಿಗೆ ಒಮ್ಮೆಯೂ ಜ್ವರ ಬರಲಿಲ್ಲವಾದ್ದರಿಂದ ಕೊನೆಯವರೆಗೂ ಎರಡನೆಯವನಾಗಿಯೇ ಉಳಿದ. ರಜೆ ದಿನಗಳಲ್ಲಿ ನೆಲ ಒರೆಸುವ ಕೋಲನ್ನೇ ಜೋಡಿ ಮಾಡಿಕೊಂಡು ನಡುಮನೆಯಲ್ಲಿ ಕುಣಿಯುತ್ತಿದ್ದ. ಆಗಿನ್ನೂ ಪುಟ್ಟ ಹುಡುಗಿಯಾಗಿದ್ದ ಡಾಕ್ಟರಮ್ಮ ಸೋಫಾದ ಮೇಲೆ ಕೂತು ಚಪ್ಪಾಳೆಯಲ್ಲಿ ತಾಳ ಹಾಕುತ್ತಿದ್ದಳು. ಆ ತಾಳ ಅವಳ ಕೈಯಲ್ಲೇ ಉಳಿಯಿತು, ಆಮೇಲೆ ಅದೇ ಕೈಗೆ ಇಕ್ಕಳ ಬಂತು.

ಹಾಗೆಂದು ಅದು ಬರೀ ಶೋಕಿಯೇನಲ್ಲ. ಹಲ್ಲು ಕೀಳುವುದೆಂದರೆ ಹಿಡಿದು ಎಳೆಯುವುದಲ್ಲ. ಆ ಕಡೆ ಈ ಕಡೆ ನಿಧಾನವಾಗಿ ಅಲುಗಿಸುತ್ತ, ಪುಸಲಾಯಿಸುತ್ತ, ಅದಾಗಿ ಅದೇ ಒಪ್ಪುವ ಹಾಗೆ ಮಾಡಬೇಕು. ಡಾಕ್ಟರಮ್ಮ ಅದನ್ನು ನಿಧಾನದ ಹಾಡಿಗೆ ಮಾಡುತ್ತಾಳೆ. ಹಲ್ಲಿಗೆ ಅಂಟಿದ ಕಿಟ್ಟ ಕೆರೆಯುವುದಕ್ಕೆ ಚುರುಕಿನ ಹಾಡು ಬೇಕು. ಡ್ರಿಲ್ಲಿಗೆ ಮಾತ್ರ ಟ್ರಂಪೆಟ್ಟುಗಳೇ ಆಗಬೇಕು, ಯಾವುದು ಯಾವುದರ ಸದ್ದೆಂದು ರೋಗಿಗೆ ತಿಳಿಯಬಾರದು. ದೂರು ಕೊಡೋಣವೆಂದರೆ ರೋಗಿಯ ಬಾಯಿ ತೆರೆದೇ ಇರುತ್ತದೆ. ಅದು ಮುಚ್ಚುವ ಹೊತ್ತಿಗೆ ನೋವು ಹೋಗಿರುತ್ತದೆ, ಸಿಟ್ಟೂ ಹೋಗಿರುತ್ತದೆ. ಅಂಚೆಯವನಂತೂ ಅಕ್ಟೋಬರಿನಲ್ಲಿ ಹುಳುಕಾದ ಹಲ್ಲನ್ನು ಡಿಸೆಂಬರಿನವರೆಗೆ ಜೋಪಾನವಾಗಿ ಕಾಯ್ದಿಟ್ಟುಕೊಂಡು ಬರುತ್ತಾನೆ. ಅಂಥ ಅಭಿಮಾನಿಗಳೂ ಇದ್ದಾರೆ.

ಹೀಗೆ ಆ ಬೀದಿಯವರೆಲ್ಲ ಅವಳ ಕುರ್ಚಿಯಲ್ಲಿ ಕೂತು ಎದ್ದಿದ್ದರು, ಸ್ವಂತ ಅತ್ತೆಯೊಬ್ಬರನ್ನು ಬಿಟ್ಟು.

ಅತ್ತೆಗೆ ಹಲ್ಲು ನೋವು ಬಂದರೆ ರಸ್ತೆ ದಾಟಿ ಎದುರುಗಡೆಯ ಡಾಕ್ಟರ ಹತ್ತಿರ ಹೋಗುತ್ತಿದ್ದರು. ಸೊಸೆಗೆ ಕಾಣಬಾರದೆಂದು ಕೊಡೆ ಬಿಡಿಸಿಕೊಳ್ಳುತ್ತಿದ್ದರು. ಮಳೆಯಿಲ್ಲದ ದಿನ, ಬಿಸಿಲಿಲ್ಲದ ಹೊತ್ತಿನಲ್ಲಿ ಹಳದಿ ಹೂವಿನ ಕೊಡೆಯೊಂದು ರಸ್ತೆ ದಾಟಿತೆಂದರೆ ಇಡೀ ಬೀದಿಗೆ ಅತ್ತೆಯ ಹಲ್ಲಿನ ಸಮಾಚಾರ ತಿಳಿಯುತ್ತಿತ್ತು. ಕೇಳಿದರೆ, “ನಿನ್ನ ಆ ಪೀಪಿ ಸದ್ದಿಗೆ ಇರೋ ಹಲ್ಲೂ ಉದುರಿ ಹೋಗ್ತವೆ ಕಣಮ್ಮ” ಎನ್ನುತ್ತಿದ್ದರು. ಆದರೆ ಪೀಪಿ ಊದುವುದು ಡಿಸೆಂಬರಿನಲ್ಲಿ ಮಾತ್ರ, ಕೊಡೆ ಮಾರ್ಚಿನಲ್ಲೂ ದಾಟುತ್ತಿತ್ತು. ಡಾಕ್ಟರಮ್ಮ ನಗುನಗುತ್ತಲೇ ಇದ್ದಳು. ಒಳಗೆ ಮಾತ್ರ ಚುರ್ ಎನ್ನುತ್ತಿತ್ತು. ಯಾರ ಯಾರದೋ ಬಾಯಿಗೆ ಕೈ ಹಾಕುವ ತನ್ನನ್ನು ಮನೆಯವರೇ ನಂಬುವುದಿಲ್ಲವಲ್ಲ ಎಂದು ಎಷ್ಟೋ ಸಲ ಕೈ ತೊಳೆಯುತ್ತ ನಿಂತಲ್ಲೇ ನಿಂತುಬಿಡುತ್ತಿದ್ದಳು.

ಈ ಸಲ ಕ್ರಿಸ್ಮಸ್ಸಿನ ಹಿಂದಿನ ದಿನ ಎದುರುಗಡೆಯ ಡಾಕ್ಟರು ಬಾಗಿಲಿಗೆ ಬೀಗ ಜಡಿದು, ಹೆಂಡತಿ ಮಕ್ಕಳೊಂದಿಗೆ ರಜೆಗೆ ಹೋದರು. ಅದೇ ಬೆಳಿಗ್ಗೆ ಅತ್ತೆಯ ಬಲಗೆನ್ನೆ ಊದಿಕೊಂಡಿತು.

“ಊದಿಲ್ಲ. ಆ ಮಗ್ಗುಲಿಗೆ ಮಲಗಿದ್ದೆ, ಅಷ್ಟೆ” ಎಂದರು ಅತ್ತೆ, ದವಡೆಗೆ ಶಾಲು ಸುತ್ತಿಕೊಂಡು.

“ಅಮ್ಮಾ, ಅರ್ಧ ಗ್ಲೋಬ್ ಆಗಿದೆ ನಿನ್ನ ಮುಖ” ಎಂದ ಮಗ. ಅವನು ಶಾಲೆಯಲ್ಲಿ ಭೂಗೋಳ ಹೇಳಿಕೊಡುವ ಮೇಷ್ಟ್ರು. ತಾಯಿಯ ತೋಳು ಹಿಡಿದುಕೊಂಡೇ ಹೆಂಡತಿಯ ಕ್ಲಿನಿಕ್ಕಿಗೆ ಕರೆತಂದ, ತಾನು ಹೊರಗಿನ ಬೆಂಚಿನ ಮೇಲೆ ಕೂತ.

ಅತ್ತೆ ಕುರ್ಚಿಯನ್ನು ಮೇಲಿಂದ ಕೆಳಗಿನವರೆಗೆ ನೋಡಿ, ಯಾರೋ ಕೂತು ಕೊಳೆ ಮಾಡಿದ್ದಾರೇನೋ ಎಂಬಂತೆ ಶಾಲಿನ ತುದಿಯಿಂದ ಒರೆಸಿ ಕೂತರು. ಮೊದಲ ಮಾತೇ, “ಅದನ್ನ ನಿಲ್ಲಿಸು.”

ಡಾಕ್ಟರಮ್ಮ ರೆಕಾರ್ಡ್ ನಿಲ್ಲಿಸಿದಳು. ಅತ್ತೆ ಕೂತದ್ದೇ ದೊಡ್ಡದು, ಇನ್ನು ಚೌಕಾಸಿ ಮಾಡುವುದು ಬೇಡವೆಂದು ಟ್ರೇಗೆ ಕೈ ಹಾಕಿದಳು. ಆದರೆ ಆ ನಿಶ್ಶಬ್ದದಲ್ಲಿ ಅವಳಿಗೆ ತನ್ನ ಕೈಯೇ ಹೊಸದೆನಿಸಿತು. ಟ್ರೇಯಲ್ಲಿ ಕನ್ನಡಿ ಟಣ್ ಎಂದಿತು. ಇಕ್ಕಳ ಖಣ್ ಎಂದಿತು. ಸಿರಿಂಜಿಗೆ ಔಷಧಿ ಎಳೆಯುವಾಗ ಅವಳ ಉಸಿರು ಅವಳಿಗೇ ಕೇಳಿಸಿತು. ಅತ್ತೆಯ ಕಣ್ಣು ಮಾತ್ರ ಟ್ರೇ ಬಿಟ್ಟು ಅಲುಗಲಿಲ್ಲ.

ಡಾಕ್ಟರಮ್ಮ ಹತ್ತಿರ ಬಗ್ಗಿದೊಡನೆ ಅತ್ತೆ ಬಾಯಿ ಮುಚ್ಚಿಕೊಂಡರು.

“ಹಾಕು.”

“ಏನು ಅತ್ತೆ?”

“ಅದೇ, ನಿನ್ನ ಪೀಪಿ.”

ಡಾಕ್ಟರಮ್ಮನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಓಡಿ ಹೋಗಿ ರೆಕಾರ್ಡಿನ ಮೇಲೆ ಮುಳ್ಳು ಇಟ್ಟಳು. ಸ್ಯಾಕ್ಸೊಫೋನುಗಳು ಮೆಲ್ಲಗೆ ಎದ್ದವು.

“ಜೋರಾಗಿ.”

ಜೋರು ಮಾಡಿದಳು.

“ಇನ್ನೂ.”

ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದಳು. ಕಿಟಕಿಯ ಗಾಜು ನಡುಗಿತು. ಕೊನೆಗೂ ಅತ್ತೆಗೆ ಚಿಕ್ಕಪ್ಪನ ಹಾಡು ಹಿಡಿಸಿತಲ್ಲ ಎಂದು ಡಾಕ್ಟರಮ್ಮ ಉಬ್ಬಿ ಹೋದಳು. ಹನ್ನೆರಡನೇ ರೆಕಾರ್ಡಿನ ಎರಡನೇ ಬದಿಯೂ ಬಹಳ ಚೆನ್ನಾಗಿದೆ ಎಂದು ಹೇಳುವುದಕ್ಕೂ ಹೊರಟಿದ್ದಳು.

ಆಗ ಟ್ರಂಪೆಟ್ಟುಗಳ ನಡುವೆ ಒಂದು ಸ್ವರ ಕೇಳಿಸಿತು. ಆ ರೆಕಾರ್ಡಿನ ಒಂದೊಂದು ಗೀರೂ ಅವಳಿಗೆ ಬಾಯಿಪಾಠ. ಎಲ್ಲಿ ಕೆಮ್ಮುತ್ತದೆ, ಎಲ್ಲಿ ಮುಗ್ಗರಿಸುತ್ತದೆ, ಎಲ್ಲ ಗೊತ್ತು. ಇದು ಅದರಲ್ಲಿರಲಿಲ್ಲ. ತಾಳವಿಲ್ಲ, ಲಯವಿಲ್ಲ, ಏರುತ್ತಲೇ ಇದೆ. ಅಷ್ಟರಲ್ಲಿ ಹಾಡು ಮುಗಿದು, ಮುಂದಿನದು ಶುರುವಾಗುವ ಮೊದಲಿನ ಬಿಡುವು ಬಂತು.

“ಅಯ್ಯೋ ಅಮ್ಮಾ...”

ಅತ್ತೆ ಅಳುತ್ತಿದ್ದರು. ಇಂಜೆಕ್ಷನ್ ಇನ್ನೂ ಡಾಕ್ಟರಮ್ಮನ ಕೈಯಲ್ಲೇ ಇತ್ತು. ಇಡೀ ಮನೆಯನ್ನು ಹುಬ್ಬಿನಲ್ಲೇ ಆಳುವ ಹೆಂಗಸು ಕುರ್ಚಿಯ ಎರಡೂ ಕೈ ಹಿಡಿದುಕೊಂಡು, ಪುಟ್ಟ ಹುಡುಗಿಯ ಹಾಗೆ ಗೊಳೋ ಎಂದು ಅಳುತ್ತಿದ್ದರು.

“ನೋಡ್ಬೇಡ ನನ್ನ” ಎಂದರು ಅತ್ತೆ.

“ಅತ್ತೆ, ನಾನು ಇನ್ನೂ ಮುಟ್ಟೇ ಇಲ್ಲ.”

“ಗೊತ್ತು. ನನಗೆ ಮುಟ್ಟೋದೇ ಬೇಡ, ನೋಡಿದ್ರೇ ಸಾಕು. ಎದುರುಗಡೆಯವರ ಹತ್ರ ಪ್ರತಿ ಸಲಾನೂ ಹೀಗೇ. ಅವರು ಹೊರಗಿನೋರು, ಅತ್ತು ಎದ್ದು ಬಂದ್ರೆ ಮುಗೀತು.” ಅತ್ತೆ ಶಾಲಿನಲ್ಲಿ ಮೂಗು ಒರೆಸಿಕೊಂಡರು. “ನಿನ್ನ ಮುಂದೆ ಹೀಗೆ ಅತ್ತುಬಿಟ್ಟು, ನಾಳೆ ಬೆಳಿಗ್ಗೆ ಕಾಫಿ ಸರಿಯಿಲ್ಲ ಅಂತ ಯಾವ ಮುಖ ಇಟ್ಕೊಂಡು ಹೇಳ್ಲಿ?”

ಡಾಕ್ಟರಮ್ಮನಿಗೆ ನಗುವೂ ಬಂತು, ಅಳುವೂ ಬಂತು. ಇಷ್ಟು ವರ್ಷ ಮನಸ್ಸಿನಲ್ಲಿ ಇಟ್ಟುಕೊಂಡು ಕೊರಗಿದ್ದು ಇದಕ್ಕಾ? ತನ್ನ ಕೈಯ ಬಗ್ಗೆ ಅತ್ತೆಗೆ ಎಂದೂ ಅನುಮಾನವಿರಲಿಲ್ಲ. ಆ ಸಮಾಧಾನಕ್ಕೆ ಅವಳ ಮೈಯೆಲ್ಲ ಹಗುರವಾಯಿತು. ಹೋಗಿ ಪೆಟ್ಟಿಗೆಯಲ್ಲಿದ್ದುದರಲ್ಲೆಲ್ಲ ಅತಿ ಗಲಾಟೆಯ ರೆಕಾರ್ಡನ್ನು ಹುಡುಕಿ ಹಾಕಿದಳು. ಕೀಳುವುದಕ್ಕೆ ನಿಧಾನದ ಹಾಡೇ ಬೇಕೆಂಬ ತನ್ನ ನಿಯಮವನ್ನು ಅಂದು ಗಾಳಿಗೆ ತೂರಿದಳು.

“ಈಗ ಎಷ್ಟು ಬೇಕಾದ್ರೂ ಅತ್ತುಬಿಡಿ ಅತ್ತೆ. ನನಗೆ ಏನೂ ಕೇಳ್ಸಲ್ಲ” ಎಂದು ಅವರ ಕಿವಿಯಲ್ಲಿ ಕೂಗಿದಳು.

ಅತ್ತೆ ಮನಸಾರೆ ಅತ್ತರು. ಡ್ರಮ್ಮಿನವನು ತನ್ನ ಪಾಡಿಗೆ ಬಡಿದ, ಟ್ರಾಂಬೋನಿನವರು ಕೆನ್ನೆ ಒಡೆಯುವಂತೆ ಊದಿದರು, ಡಾಕ್ಟರಮ್ಮ ಇಂಜೆಕ್ಷನ್ ಚುಚ್ಚಿ, ದವಡೆ ಮರಗಟ್ಟಿದ ಮೇಲೆ ಎಲ್ಲರಿಗಿಂತ ಗಟ್ಟಿಯಾಗಿ ಅಪಸ್ವರದಲ್ಲಿ ಹಾಡುತ್ತ ಹಲ್ಲನ್ನು ಆ ಕಡೆ ಈ ಕಡೆ ಅಲುಗಿಸಿದಳು. ರೆಕಾರ್ಡಿನ ಆ ಬದಿ ಮುಗಿಯುವ ಮೊದಲೇ ಹಲ್ಲು ಟ್ರೇಯಲ್ಲಿತ್ತು. ಅದು ಬಂದದ್ದೇ ಗೊತ್ತಾಗದೆ ಅತ್ತೆ ಇನ್ನಷ್ಟು ಹೊತ್ತು ಅತ್ತರು.

ಬಾಗಿಲು ತೆರೆದು ಮೇಷ್ಟ್ರು ಗಾಬರಿಯಿಂದ ಒಳಗೆ ಬಂದ. “ಯಾರೇ ಅದು ಹಾಗೆ ಕೂಗಿಕೊಂಡಿದ್ದು? ಪಕ್ಕದ ದರ್ಜಿ ಅಂಗಡಿಯವರೆಲ್ಲ ಎದ್ದು ಬಂದು ನಿಂತಿದ್ದಾರೆ!”

ಅತ್ತೆ ಹತ್ತಿ ಕಚ್ಚಿಕೊಂಡು ಗೋಡೆ ನೋಡಿದರು. ಕಿವಿಯವರೆಗೂ ಕೆಂಪಾಗಿದ್ದರು.

“ರೆಕಾರ್ಡಿನಲ್ಲಿರೋ ಹೆಂಗಸು ರೀ” ಎಂದಳು ಡಾಕ್ಟರಮ್ಮ, ಇಕ್ಕಳ ತೊಳೆಯುತ್ತ. “ಆಗಿನ ಕಾಲದವರು ಹಾಗೇ ಹಾಡ್ತಿದ್ರು.”

“ದೇವರೇ, ಎಂಥ ಕಂಠ!” ಎಂದ ಮೇಷ್ಟ್ರು. ಆಮೇಲೆ ತಾಯಿಯ ಕಡೆ ತಿರುಗಿ ಸಮಾಧಾನ ಹೇಳಿದ, “ಪಾಪ, ಈ ಗದ್ದಲದಲ್ಲಿ ಹೇಗೆ ಕೂತಿದ್ದೆಯೋ ಅಮ್ಮ. ಇನ್ನೊಂದು ಹಲ್ಲೂ ಅಲ್ಲಾಡ್ತಿದೆ ಅಂತಿದ್ದೆಯಲ್ಲ, ಅದನ್ನ ಎದುರುಗಡೆ ಡಾಕ್ಟರು ವಾಪಸ್ ಬಂದ ಮೇಲೆ ಅವರಿಗೇ ತೋರಿಸೋಣ.”

ಅರ್ಧ ಗಂಟೆ ಮಾತಾಡಬಾರದೆಂದು ಸೊಸೆ ಹೇಳಿದ್ದಳು. ಅತ್ತೆ ಬಾಯಿಂದ ಹತ್ತಿ ಹೊರತೆಗೆದರು.

“ಅಲ್ಲಿ ಯಾರಿದ್ದಾರೋ ಹಾಡೋಕೆ?” ಎಂದರು.